ಏಳು ಗ್ರೂಪುಗಳಿಗೆ ಕಳಿಸಿದ್ದು

ಪೆರಾಬೆ
9 ಜನವರಿ 2025

ಪ್ರಿಯ ಹಮೀದ್,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಪುತ್ತೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ಪಕ್ಕದಲ್ಲಿ ಕೂತು ನೀನು ನಕಲು ಮಾಡಿದ್ದು ಇದೇ ಅಕ್ಷರವನ್ನು.

ನಾನು ಮೊಬೈಲು ಬಿಟ್ಟೆ. ಡಿಸೆಂಬರ್ ಒಂದರಂದು ಸುಳ್ಯಕ್ಕೆ ಹೋಗಿ ಮಗಳು ಅಕ್ಷಿತಾಳ ಕೈಯಲ್ಲಿ ಅದನ್ನಿಟ್ಟು, ಇನ್ನು ಇದು ನನಗೆ ಬೇಡ ಎಂದೆ. ನಲವತ್ತು ದಿನವಾಯಿತು. ಈಗ ಊಟದ ರುಚಿ ತಿಳಿಯುತ್ತದೆ, ಬೆಳಿಗ್ಗೆ ಹಕ್ಕಿಯ ಕೂಗು ಕೇಳುತ್ತದೆ, ದಮಯಂತಿ ಮಾತಾಡಿದರೆ ಏನು ಹೇಳಿದಳೆಂದು ನೆನಪಿರುತ್ತದೆ. ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಿಗೆ, ಎದುರಿಗಿರುವವರನ್ನು ನೋಡುವುದು ಹೇಗೆಂದು ನಿವೃತ್ತಿಯ ನಂತರ ತಿಳಿಯಬೇಕಾಯಿತು.

ಉಳಿದವರನ್ನು ನೋಡಿದರೆ ಮಾತ್ರ ಅಸಹ್ಯವಾಗುತ್ತದೆ. ಮೊನ್ನೆ ಕಡಬದ ಬಸ್ಸಿನಲ್ಲಿ ಕೂತವರೂ ನಿಂತವರೂ ಎಲ್ಲರೂ ತಲೆ ತಗ್ಗಿಸಿದ್ದರು, ಸಾಮೂಹಿಕವಾಗಿ ಯಾರಿಗೋ ಸಂತಾಪ ಸೂಚಿಸುವವರ ಹಾಗೆ. ಮದುವೆಯ ಊಟದಲ್ಲಿ ಎಲೆಗೆ ಏನು ಬಿತ್ತೆಂದು ತಿನ್ನುವವನಿಗೇ ಗೊತ್ತಿಲ್ಲ. ನಮ್ಮ ನಿವೃತ್ತ ಶಿಕ್ಷಕರ ಗ್ರೂಪಿನಲ್ಲಿ ಬೆಳಿಗ್ಗೆ ಹೂವು, ಮಧ್ಯಾಹ್ನ ಸಕ್ಕರೆ ಕಾಯಿಲೆಗೆ ಮದ್ದು, ಸಂಜೆ ದೇಶಭಕ್ತಿ. ಇವರೇನಾ ಒಂದು ಕಾಲದಲ್ಲಿ ಮಕ್ಕಳ ಕಾಪಿ ತಿದ್ದಿದವರು?

"ಫೋನ್ ಬಿಟ್ಟದ್ದನ್ನು ಇನ್ನೆಷ್ಟು ಜನರಿಗೆ ಹೇಳ್ಲಿಕ್ಕೆ ಉಂಟು ನಿಮಗೆ?" ಎಂದು ದಮಯಂತಿ ಕೇಳುತ್ತಾಳೆ. ಅವಳಿಗೆ ಎಲ್ಲವೂ ತಮಾಷೆ.

ಒಂದೂವರೆ ವರ್ಷದಿಂದ ನೀನು ನನ್ನ ಕರೆ ಎತ್ತಲಿಲ್ಲ. ನಮ್ಮೊಳಗೆ ಹೇಳಿಕೊಳ್ಳುವಂಥ ಜಗಳವಾದದ್ದು ನನಗೆ ನೆನಪಿಲ್ಲ. ಆ ಹಾಳು ಪೆಟ್ಟಿಗೆಯೇ ನಮ್ಮನ್ನೂ ದೂರ ಮಾಡಿತು ಎಂದುಕೊಂಡಿದ್ದೇನೆ. ಅಂಗಡಿಗೆ ಒಂದು ದಿನ ಬೀಗ ಹಾಕಿ ಈ ಕಡೆ ಬಾ.

ನಿನ್ನ,
ಸರ್ವೋತ್ತಮ

*

ಪುತ್ತೂರು
27 ಜನವರಿ 2025

ಮಾನ್ಯ ಸರ್ವೋತ್ತಮ ರೈ ಮಾಷ್ಟ್ರಿಗೆ,

ನಿಮ್ಮ ನಲವತ್ತು ದಿನದ ತಪಸ್ಸಿನ ಸುದ್ದಿ ಓದಿದೆ. ಚಪ್ಪಲಿ ಅಂಗಡಿಯವನಿಗೆ ಹಕ್ಕಿಯ ಕೂಗಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

2023ರ ಜೂನ್ 18, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ನಮ್ಮ ಹಳೆ ವಿದ್ಯಾರ್ಥಿಗಳ ಗ್ರೂಪಿಗೆ ನಿನ್ನ ನಂಬರಿನಿಂದ ಎರಡು ಫೋಟೋ ಬಂತು. ಒಂದರಲ್ಲಿ 'ಸುಹರಾ ಹೋಂ ಫುಡ್ಸ್, ಕಡಬ' ಎಂಬ ಬೋರ್ಡು. ಇನ್ನೊಂದರಲ್ಲಿ ಎಲ್ಲಿಯದೋ ಕೊಳಕು ಅಡುಗೆಮನೆ, ಹಿಟ್ಟಿನ ಚೀಲದ ಮೇಲೆ ಇಲಿ. ಕೆಳಗೆ ಬರೆದಿತ್ತು: 'ಇಲ್ಲಿಂದ ತಿಂಡಿ ತರಿಸುವವರು ಎಚ್ಚರ. ಇವರು ಬೇಕೆಂದೇ ಹೀಗೆ ಮಾಡುತ್ತಾರೆ. ನಮ್ಮವರಿಗೆಲ್ಲ ತಲುಪಿಸಿ.' ಅದರ ಕೆಳಗೆ ನಿನ್ನ ಸ್ವಂತ ಮಾತು, 'ದಯವಿಟ್ಟು ಗಮನಿಸಿ', ಮತ್ತೆ ಕೈ ಮುಗಿಯುವ ಚಿತ್ರ.

'ಇವರು' ಎಂದರೆ ನನ್ನ ತಂಗಿ. 'ನಮ್ಮವರು' ಎಂದರೆ ಯಾರು ಮಾಷ್ಟ್ರೆ? ನಾನೂ ಆ ಗ್ರೂಪಿನಲ್ಲಿದ್ದೆ.

ಏಳು ಗ್ರೂಪುಗಳಿಗೆ ನೀನು ಕಳಿಸಿದ್ದೆ. ಉಳಿದ ಆರನ್ನು ಬೇರೆಬೇರೆಯವರು ನನಗೆ ತೋರಿಸಿದರು. 'ರೈ ಮಾಷ್ಟ್ರು ಕಳಿಸಿದ್ದಾರೆ, ಹಾಗಾದರೆ ನಿಜವೇ ಇರಬೇಕು' ಎಂದು ಜನ ಮುಂದೆ ಕಳಿಸಿದರು. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಒಲೆಯ ಮುಂದೆ ನಿಂತು ಅವಳು ಕಟ್ಟಿದ ಕೆಲಸ ಎರಡು ತಿಂಗಳಲ್ಲಿ ಮುಗಿಯಿತು. ಕಾಲೇಜಿನ ಕ್ಯಾಂಟೀನಿನವರು ಬೇಡ ಎಂದರು. ಮದುವೆ ಮನೆಯವರು ಬೇಡ ಎಂದರು. ಅವಳ ಮಗಳು ಶಿಫಾಳಿಗೆ ಕ್ಲಾಸಿನಲ್ಲಿಯೇ ಆ ಫೋಟೋ ತೋರಿಸಿ ನಕ್ಕರು. ಹುಡುಗಿ ಒಂದು ತಿಂಗಳು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆಗಸ್ಟಿನಲ್ಲಿ ಸುಹರಾ ತಾನೇ ಸ್ಟೂಲು ಹತ್ತಿ ಬೋರ್ಡು ಇಳಿಸಿದಳು.

ಮೂವತ್ತು ವರ್ಷ ಆ ಕೈಯ ಅಕ್ಕಿ ಪತ್ತಿರಿ, ಬೆಲ್ಲದ ಕಲ್ತಪ್ಪ ತಿಂದವನು ನೀನು. ಈಗ ಊಟದ ರುಚಿ ತಿಳಿಯುತ್ತದಂತೆ. ಊರಿಡೀ ಕಸ ಎಸೆದವನು ಮನೆಗೆ ಹೋಗಿ ಕೈ ತೊಳೆದು, ನೋಡಿ ಎಷ್ಟು ಶುಭ್ರ ಎಂದು ಎತ್ತಿ ತೋರಿಸಿದ ಹಾಗಿದೆ ನಿನ್ನ ಪತ್ರ.

ಹಕ್ಕಿಗಳನ್ನು ನಾನು ಕೇಳಿದೆನೆಂದು ಹೇಳು.

ಸಾಹುಲ್ ಹಮೀದ್

*

ಪೆರಾಬೆ
15 ಫೆಬ್ರವರಿ 2025

ಪ್ರಿಯ ಹಮೀದ್,

ನಿನ್ನ ಪತ್ರ ಬಂದು ಎರಡು ವಾರವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ.

ಒಂದು ವಿಷಯ ನೀನು ಒಪ್ಪಬೇಕು. ಅದನ್ನು ಬರೆದವನು ನಾನಲ್ಲ. ಯಾರೋ ನನಗೆ ಕಳಿಸಿದರು, ನಾನು ಮುಂದೆ ಕಳಿಸಿದೆ. ಆಗ ದಿನಕ್ಕೆ ಇಂಥವು ಇನ್ನೂರು ಬರುತ್ತಿದ್ದವು. ಓದದೆಯೇ ಬೆರಳು ಓಡುತ್ತಿತ್ತು. ಬೋರ್ಡಿನ ಹೆಸರನ್ನು ನಾನು ಗಮನಿಸಿರಲೇ ಇಲ್ಲ. ಕಡಬದಲ್ಲಿ ಸುಹರಾ ಎಂಬ ಹೆಸರಿನವರು ಒಬ್ಬರೇ ಅಲ್ಲವಲ್ಲ. ಅವಳು ಕೆಲಸ ನಿಲ್ಲಿಸಿದ್ದು ತಿಳಿದಾಗ ಆರೋಗ್ಯ ಸರಿ ಇಲ್ಲವೇನೋ ಎಂದುಕೊಂಡೆ. ನೀನಾದರೂ ಅಂದೇ ಫೋನ್ ಮಾಡಿ ನಾಲ್ಕು ಬೈದಿದ್ದರೆ ಆ ಕ್ಷಣವೇ ಅಳಿಸುತ್ತಿದ್ದೆ.

ಆ ಚಟ ಮನುಷ್ಯನನ್ನು ಏನು ಮಾಡುತ್ತದೆಂದು ಅರ್ಥವಾದದ್ದರಿಂದಲೇ ಅದನ್ನು ಬಿಟ್ಟದ್ದು. ಬಿಟ್ಟ ಮೇಲೂ ಬೈದರೆ ಹೇಗೆ? ಈಗ ನನ್ನ ಬಳಿ ಫೋನೂ ಇಲ್ಲ, ಆ ಗ್ರೂಪುಗಳೂ ಇಲ್ಲ. ನಾನು ಏನು ಮಾಡಲು ಸಾಧ್ಯ, ನೀನೇ ಹೇಳು.

ಸುಹರಾ ಹೇಗಿದ್ದಾಳೆ?

ನಿನ್ನ,
ಸರ್ವೋತ್ತಮ

*

ಪುತ್ತೂರು
22 ಫೆಬ್ರವರಿ 2025

ಸರ್ವೋತ್ತಮ,

ನಿನ್ನ ಪತ್ರದಲ್ಲಿ 'ನಾನು' ಎಷ್ಟು ಸಲ ಬಂದಿದೆ ಎಂದು ನೋಡು. ಸುಹರಾ ಕೊನೆಯ ಸಾಲಿನಲ್ಲಿ ಬಂದಳು.

ಏನು ಮಾಡಲು ಸಾಧ್ಯ ಎಂದು ಕೇಳಿದ್ದೀಯ. ಬೆರಳಿಗೆ ವಿಶ್ರಾಂತಿ ಸಿಕ್ಕಿದೆಯಲ್ಲ, ಕಾಲು ಗಟ್ಟಿ ಇದೆಯಲ್ಲ. ಯಾರು ಯಾರಿಗೆ ಕಳಿಸಿದೆಯೋ ಅವರ ಮನೆಗೆ ಹೋಗು. ಎದುರಿಗೆ ಕೂತು, ಮುಖ ನೋಡಿ, ಅದು ಸುಳ್ಳು ಎಂದು ಹೇಳು. ಎದುರಿಗಿರುವವರನ್ನು ನೋಡಲು ಕಲಿತೆ ಎಂದು ಬರೆದಿದ್ದೆಯಲ್ಲ, ಅಭ್ಯಾಸವೂ ಆಗಲಿ.

ಹೋಗುವುದಿಲ್ಲ ಎಂದು ನನಗೆ ಗೊತ್ತಿದೆ. ಅದಕ್ಕೇ ಹೇಳುತ್ತಿದ್ದೇನೆ.

ಹಮೀದ್

*

ಪೆರಾಬೆ
10 ಏಪ್ರಿಲ್ 2025

ಪ್ರಿಯ ಹಮೀದ್,

ಹೋದೆ.

ಮೊದಲು ಒಂದು ಮಾತು. ಕಳೆದ ಪತ್ರದಲ್ಲಿ, ಬೋರ್ಡಿನ ಹೆಸರು ಗಮನಿಸಲಿಲ್ಲ ಎಂದು ಬರೆದಿದ್ದೆ. ಅಂಚೆಗೆ ಹಾಕಿ ಬಂದು ಅದನ್ನು ದಮಯಂತಿಗೆ ಹೇಳಿದಾಗ ಅವಳು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿದಳು. "ಅವತ್ತು ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ಇದು ನಮ್ಮ ಸುಹರಾಳ ಬೋರ್ಡು ಅಲ್ವಾ, ಅಂತ ಕೇಳಿದೆ. ನೀವು ಹೂಂ ಅಂದ್ರಿ. ತಲೆ ಎತ್ತಲಿಲ್ಲ" ಎಂದಳು. "ಮತ್ತೆ ನೀನ್ಯಾಕೆ ಸುಮ್ಮನಾದೆ?" ಎಂದೆ. "ಗೊತ್ತಿದ್ದೇ ಹೂಂ ಅಂದ್ರಿ ಅಂತ ಅಂದುಕೊಂಡೆ. ಆಮೇಲೆ ಆ ವಿಷಯ ನಿಮ್ಮ ಹತ್ರ ಮಾತಾಡ್ಲಿಕ್ಕೆ ಮನಸ್ಸು ಬರಲಿಲ್ಲ." ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನನ್ನ ಹೆಂಡತಿ ನನ್ನನ್ನು ಹಾಗೆಂದು ನಂಬಿ ನನಗೆ ಅನ್ನ ಬಡಿಸಿದ್ದಾಳೆ. ಗೊತ್ತಿದ್ದು ಕಳಿಸಿದೆನೋ, ಗೊತ್ತಿಲ್ಲದೆಯೋ, ಈಗ ನನಗೇ ಹೇಳಲು ಬರುವುದಿಲ್ಲ.

ಮಾರ್ಚ್ ಮೂರರಿಂದ ಹೊರಟೆ. ಪುತ್ತೂರಿನಲ್ಲಿ ನಿವೃತ್ತ ಶಿಕ್ಷಕರ ಕಾರ್ಯದರ್ಶಿಯ ಮನೆ ಮೊದಲನೆಯದು. ಅವರು ಕನ್ನಡಕ ತೆಗೆದು, "ಯಾವ ಮೆಸೇಜು ಮಾರಾಯ್ರೆ? ಅದು ಯಾರಿಗೆ ನೆನಪುಂಟು?" ಎಂದರು. ಕಾಫಿ ಕೊಟ್ಟರು. ಸುಳ್ಯದಲ್ಲಿ ನನ್ನ ಹಳೆಯ ಶಿಷ್ಯ ಸಂಪ್ರೀತ್ ಈಗ ಹಲ್ಲಿನ ಡಾಕ್ಟರು. "ಇದನ್ನು ಹೇಳ್ಲಿಕ್ಕೆ ಅಷ್ಟು ದೂರದಿಂದ ಬಂದ್ರಾ ಸರ್? ಒಂದು ಮೆಸೇಜ್ ಹಾಕಿದ್ರೆ ಆಗ್ತಿತ್ತಲ್ಲ" ಎಂದ. ಹೇಳುವಾಗಲೂ ಅವನ ಕಣ್ಣು ಫೋನಿನಲ್ಲಿತ್ತು. ಗುತ್ತಿಗಾರಿನಲ್ಲಿ ನಾನು ಹೋದ ಮನೆಯ ತೋಟಕ್ಕೆ ಹಿಂದಿನ ದಿನ ಆನೆ ಬಂದಿತ್ತು. ನಾನೂ ಅದನ್ನು ವಿಚಾರಿಸಲು ಬಂದವನೆಂದು ತಿಳಿದು ಮುರಿದ ಬಾಳೆಯನ್ನೆಲ್ಲ ತೋರಿಸಿದರು. ಮಾತು ಸುಹರಾಳ ಕಡೆಗೆ ತರುವಷ್ಟರಲ್ಲಿ ಆನೆಯ ವಿಡಿಯೋ ಮೂರನೆಯ ಸಲ ಓಡುತ್ತಿತ್ತು.

ಹೀಗೆ ಹದಿನೆಂಟು ಮನೆ. ಹದಿನೇಳರಲ್ಲಿ ಯಾರಿಗೂ ನೆನಪಿಲ್ಲ. ಒಬ್ಬರಾದರೂ 'ಹೌದು, ನಂಬಿದ್ದೆವು' ಎಂದಿದ್ದರೆ ಸಮಾಧಾನವಾಗುತ್ತಿತ್ತು. ಕಡಬದ ಕಾಲೇಜು ಕ್ಯಾಂಟೀನಿನ ಅವಿನ್ ಮಾತ್ರ ಸ್ವಲ್ಪ ಯೋಚಿಸಿದ. "ಓ, ಆ ಸುಹರಾನವರಾ? ಅವರಿಂದ ಈಗ ತರಿಸುದಿಲ್ಲ ಸರ್. ಯಾಕೆ ನಿಲ್ಲಿಸಿದ್ದು ಅಂತ ನೆನಪಿಲ್ಲ."

ನಾನು ಕಾರಣ ಹೇಳಿದೆ. ಸುಳ್ಳೆಂದೂ ಹೇಳಿದೆ. "ಹೌದಾ" ಎಂದ. ಅಷ್ಟೇ.

ಕೊನೆಗೆ ಸುಹರಾಳ ಮನೆಗೆ ಹೋದೆ. ಗೇಟಿನ ಒಳಗೇ ನಿಂತು, "ಎಂತ ಮಾಷ್ಟ್ರೆ, ದಾರಿ ತಪ್ಪಿತಾ?" ಎಂದಳು. ಕ್ಷಮಿಸಬೇಕು ಎಂದೆ. "ಯಾವುದಕ್ಕೆ?" ಎಂದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಆಗ ಬರಲಿಲ್ಲ. "ಆ ಮೆಸೇಜು ಬಂದದ್ದಕ್ಕೆ" ಎಂದುಬಿಟ್ಟೆ.

"ಬಂದದ್ದಲ್ಲ ಮಾಷ್ಟ್ರೆ. ಕಳಿಸಿದ್ದು" ಎಂದು ಹೇಳಿ ಒಳಗೆ ಹೋದಳು. ಗೇಟು ತೆರೆಯಲಿಲ್ಲ.

ಸರ್ವೋತ್ತಮ

*

ಪುತ್ತೂರು
2 ಮೇ 2025

ಸರ್ವೋತ್ತಮ,

ನೀನು ಹೋಗಲಾರೆ ಎಂದು ನಂಬಿ ನೆಮ್ಮದಿಯಾಗಿದ್ದೆ. ನೀನು ಹೋದದ್ದು ನನಗೆ ತೊಂದರೆಯಾಯಿತು.

ನಿನ್ನನ್ನು ತುಚ್ಛವಾಗಿ ಕಾಣುವುದು ಇಷ್ಟು ದಿನ ಸುಲಭವಿತ್ತು. ಏಕೆ ಸುಲಭವಿತ್ತು ಎಂದು ಈಗ ಹೇಳುತ್ತೇನೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಅದೇ ಭಾನುವಾರ ಮಧ್ಯಾಹ್ನ ಆ ಫೋಟೋ ನಮ್ಮ ಪೇಟೆಯ ವರ್ತಕರ ಗ್ರೂಪಿಗೂ ಬಂತು. ನೂರ ಎಂಬತ್ತು ಜನ. ಅಕ್ಕಪಕ್ಕದ ಅಂಗಡಿಯವರು, ಹಬ್ಬಕ್ಕೆ ಸಿಹಿ ಕೊಟ್ಟುಕೊಂಡವರು. ಕೆಲವರು ಕೋಪದ ಮುಖದ ಚಿತ್ರ ಹಾಕಿದರು. ಒಬ್ಬರು, 'ಇಂಥವರ ಅಂಗಡಿಗಳಿಗೆ ಹೋಗುವುದನ್ನೇ ನಿಲ್ಲಿಸಬೇಕು' ಎಂದು ಬರೆದರು. ಇನ್ನೊಬ್ಬರು ಎಲ್ಲರೆದುರು ಕೇಳಿದರು: 'ಹಮೀದ್, ಇವರು ನಿಮ್ಮ ಸಂಬಂಧದವರಾ?'

ನಾನು ಅಂಗಡಿಯ ಷಟರಿನ ಹಿಂದೆ ನಿಂತಿದ್ದೆ. ನನ್ನ ಅಂಗಡಿಯ ಬೋರ್ಡಿನ ಫೋಟೋ ನಾಳೆ ಬರುವುದು ಕಣ್ಣಿಗೆ ಕಟ್ಟಿತು. ಬರೆದೆ: 'ಗೊತ್ತಿಲ್ಲ.'

ಅದೇ ಸಂಜೆ ಸುಹರಾ ಫೋನ್ ಮಾಡಿ ಅತ್ತಳು. "ಯಾರು ಮಾಡಿದ್ದು ಅಣ್ಣಾ?" ಎಂದು ಕೇಳಿದಳು. ನಾನು ನಿನ್ನ ಹೆಸರು ಹೇಳಿದೆ. ಅಂದಿನಿಂದ ನಿನ್ನ ಹೆಸರನ್ನೇ ಹೇಳುತ್ತಾ ಬಂದಿದ್ದೇನೆ. ನೀನು ಅವಳ ಹೆಸರನ್ನು ಓದಲಿಲ್ಲ. ನಾನು ಓದಿಯೂ ಗೊತ್ತಿಲ್ಲ ಎಂದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಹೀನ ಎಂದು ನಿನಗೆ ಅನಿಸುತ್ತದೋ ಅದನ್ನು ಬರೆಯಬೇಡ.

ಬರುವ ಶುಕ್ರವಾರ ಕಡಬಕ್ಕೆ ಹೋಗುತ್ತೇನೆ. ನಿನ್ನ ಪತ್ರಗಳನ್ನೂ, ನನ್ನ ಪತ್ರಗಳ ನಕಲನ್ನೂ ಅವಳ ಮುಂದೆ ಇಡುತ್ತೇನೆ. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಹಮೀದ್

*

ಕಡಬ
5 ಜೂನ್ 2025

ಅಣ್ಣನಿಗೆ, ಮತ್ತು ರೈ ಮಾಷ್ಟ್ರಿಗೆ,

ಇಬ್ಬರಿಗೂ ಬೇರೆಬೇರೆ ಬರೆಯಲು ನನಗೆ ಪುರುಸೊತ್ತಿಲ್ಲ. ಶಿಫಾಳ ಹತ್ತಿರ ಜೆರಾಕ್ಸ್ ಮಾಡಿಸಿ ಒಂದೊಂದು ಕಳಿಸಿದ್ದೇನೆ.

ಅಣ್ಣ ಕೊಟ್ಟ ಪತ್ರಗಳನ್ನೆಲ್ಲ ಓದಿದೆ. ಚೆಂದ ಬರೆದಿದ್ದೀರಿ. ಇಬ್ಬರೂ ಕಲಿತವರು. ಐದು ತಿಂಗಳು ನನ್ನ ವಿಷಯದಲ್ಲಿ ನೀವು ನೀವೇ ಜಗಳವಾಡಿ, ನೀವು ನೀವೇ ತಪ್ಪೊಪ್ಪಿಕೊಂಡು, ನೀವು ನೀವೇ ಕಣ್ಣು ಒರೆಸಿಕೊಂಡಿರಿ. ನಡುವೆ ನನ್ನನ್ನು ಒಂದು ಮಾತು ಕೇಳಲಿಲ್ಲ.

ಅಣ್ಣಾ, ನೀನು ಆ ಗ್ರೂಪಿನಲ್ಲಿ ಬರೆದದ್ದು ನನಗೆ ಮೂರನೇ ದಿನವೇ ಗೊತ್ತಾಗಿತ್ತು. ಪೇಟೆಯಲ್ಲಿ ಹೇಳುವವರು ಇರುತ್ತಾರೆ. ನೀನು ಪ್ರತಿ ಈದಿಗೆ ಬಂದು ನನ್ನ ಮುಖ ನೋಡದೆ ಬಟ್ಟೆಯ ಕಟ್ಟು ಇಟ್ಟು ಹೋದಾಗ, ಇವತ್ತು ಹೇಳುತ್ತಾನೆ ಎಂದು ಕಾದೆ. ಮಾಷ್ಟ್ರ ಮೇಲೆ ನನಗೆ ಬಂದದ್ದು ಸಿಟ್ಟು. ನಿನ್ನ ಮೇಲೆ ಬಂದದ್ದಕ್ಕೆ ಹೆಸರಿಲ್ಲ.

ಮಾಷ್ಟ್ರೆ, ನೀವು ಹದಿನೆಂಟು ಮನೆಗೆ ಹೋದಿರಿ. ಒಳ್ಳೆಯದು. ಆದರೆ ಆ ಸುಳ್ಳು ಬಸ್ಸು ಹತ್ತಿ ಮನೆಮನೆಗೆ ಬಂದಿರಲಿಲ್ಲ. ಒಂದೇ ಗಂಟೆಯಲ್ಲಿ ಸಾವಿರ ಜನರ ಕೈಗೆ ಬಂದಿತ್ತು. ನೀವು ಫೋನು ಬಿಟ್ಟು ಶಾಂತಿ ಕಂಡುಕೊಂಡಿರಿ. ನಾನು ಹೇಗೆ ಬಿಡಲಿ? ನನ್ನ ಹೆಸರು ಅದರೊಳಗೇ ಇದೆ. ಇವತ್ತಿಗೂ 'ಕಡಬ, ಸುಹರಾ' ಎಂದು ಹುಡುಕಿದರೆ ಆ ಇಲಿ ಬರುತ್ತದೆ.

ನಾನು ಕಳೆದ ತಿಂಗಳು ಹೊಸ ಫೋನು ತೆಗೆದುಕೊಂಡೆ. ಪುನಃ ಒಲೆ ಹಚ್ಚಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ಶಿಫಾ ವಿಡಿಯೋ ಮಾಡಿ ನೆಟ್ಟಿಗೆ ಹಾಕುತ್ತಾಳೆ. ನನ್ನ ಮುಖ, ನನ್ನ ಕೈ, ಹಿಟ್ಟಿನ ಡಬ್ಬ, ಪಾತ್ರೆ ತೊಳೆಯುವ ಜಾಗ, ಎಲ್ಲ. 'ನಾನು ಸುಹರಾ, ಇದು ನನ್ನ ಅಡುಗೆಮನೆ, ಯಾರು ಬೇಕಾದರೂ ಬಂದು ನೋಡಿ' ಎನ್ನುತ್ತೇನೆ. ಮೊದಲ ದಿನ ನೋಡಿದವರು ಹನ್ನೊಂದು ಜನ. ಪಕ್ಕದ ಮನೆಯ ಕದೀಜಮ್ಮನೇ ನಾಲ್ಕು ಸಲ ನೋಡಿರಬೇಕು. ಈಗ ಸ್ವಲ್ಪ ಹೆಚ್ಚಾಗಿದೆ.

ನಿಮ್ಮ ಕ್ಷಮೆಯ ಕಾಗದ ನನಗೆ ಬೇಡ. ಎಲ್ಲರಿಗೂ ಕಳಿಸಿದ್ದನ್ನು ಎಲ್ಲರಿಗೂ ಹೇಳಬೇಕು. ಹೇಳುವ ಎದೆ ಇದ್ದರೆ ಬೆಳಿಗ್ಗೆ ಆರಕ್ಕೆ ಬನ್ನಿ. ಗೇಟು ತೆರೆದಿರುತ್ತದೆ.

ಇಷ್ಟೇ.
ಸುಹರಾ

*

ಪೆರಾಬೆ
14 ಜುಲೈ 2025

ಪ್ರಿಯ ಹಮೀದ್,

ಒಂದು ತಿಂಗಳು ನೆಪ ಹುಡುಕಿದೆ. ಮಳೆ, ಬಸ್ಸು, ಮಂಡಿನೋವು. ಕೊನೆಗೆ ದಮಯಂತಿಯೇ ಕೊಡೆ ತೆಗೆದುಕೊಂಡು ಹೊರಟು ನಿಂತಳು. "ನೀವು ಬಾರದಿದ್ರೆ ನಾನು ಹೋಗಿ ಹೇಳ್ತೇನೆ, ನನ್ನ ಗಂಡ ಕಳಿಸಿದ್ದು ಅಂತ" ಎಂದಳು. ಜುಲೈ ಆರರ ಭಾನುವಾರ ಇಬ್ಬರೂ ಹೋದೆವು.

ಶಿಫಾ ಫೋನು ಹಿಡಿದಳು. ನನ್ನ ಮುಖವನ್ನು ನೇರವಾಗಿ ನೋಡದೆ, ಫೋನಿನಲ್ಲೇ ನೋಡಿದಳು. ನಾನು ಶುರುಮಾಡಿದೆ: ಈ ಕಾಲದಲ್ಲಿ ಮೊಬೈಲಿನ ದುರ್ಬಳಕೆಯಿಂದ ಸಮಾಜ ಎತ್ತ ಸಾಗುತ್ತಿದೆ ಎಂದರೆ... ಸುಹರಾ ನಿಲ್ಲಿಸಿದಳು. "ಉದ್ದ ಬೇಡ ಮಾಷ್ಟ್ರೆ. ಸಮಾಜ ಕಳಿಸಿದ್ದಲ್ಲ." ಎರಡನೆಯ ಸಲ, ನನಗೆ ಬಂದ ಸಂದೇಶವನ್ನು ಪರಿಶೀಲಿಸದೆ ಎಂದೆ. ಶಿಫಾ ಫೋನು ಕೆಳಗಿಳಿಸಿ, "ಅಮ್ಮಾ, ಇವರಿಗೆ ಆಗುದಿಲ್ಲ" ಎಂದಳು. ಇಪ್ಪತ್ತು ವರ್ಷದ ಹುಡುಗಿ. ನಾನು ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಅದೇ ಧ್ವನಿಯಲ್ಲಿ ಹೇಳಿದ್ದೆ.

ಮೂರನೆಯ ಸಲ ಹೇಳಿದೆ. 'ನಾನು ಪೆರಾಬೆಯ ಸರ್ವೋತ್ತಮ ರೈ. ನಿವೃತ್ತ ಶಿಕ್ಷಕ. ಇದು ಸುಹರಾ ಅವರ ಅಡುಗೆಮನೆ. ಇವರ ಬಗ್ಗೆ ಏಳು ಗ್ರೂಪುಗಳಿಗೆ ಸುಳ್ಳನ್ನು ಕಳಿಸಿದವನು ನಾನು.' ಅಷ್ಟೇ. ಹದಿನೈದು ಸೆಕೆಂಡು.

ಅಕ್ಷಿತಾ ನನ್ನ ಹಳೆಯ ಫೋನನ್ನು ವಾಪಸು ತಂದುಕೊಟ್ಟಿದ್ದಾಳೆ. ಆ ವಿಡಿಯೋವನ್ನು ಅದೇ ಏಳು ಗ್ರೂಪುಗಳಿಗೆ ನಾನೇ ಹಾಕಿದೆ. ಎರಡು ಗ್ರೂಪಿನವರು ನನ್ನನ್ನು ತೆಗೆದುಹಾಕಿದರು. ನಿವೃತ್ತ ಶಿಕ್ಷಕರು ಹೂವಿನ ಚಿತ್ರ ಹಾಕಿ ಮಾತು ಮರೆಸಿದರು. ನೆಟ್ಟಿನಲ್ಲಿ ವಿಡಿಯೋದ ಕೆಳಗೆ ಹೊರಗಿನವರು ಬರೆದದ್ದನ್ನೆಲ್ಲ ಓದುತ್ತೇನೆ. 'ನಾಟಕ.' 'ಎಷ್ಟಕ್ಕೆ ಮಾರಿಕೊಂಡೆ ಮುದುಕ?' 'ಈ ಮಾಷ್ಟ್ರು ನಮಗೆ ಪರೀಕ್ಷೆಯಲ್ಲಿ ಕದ್ದು ಬರೆದರೆ ಹೊಡೆಯುತ್ತಿದ್ದರು, ಈಗ ನೋಡಿ.' ಕೊನೆಯದನ್ನು ಬರೆದವನ ಹೆಸರು ನನಗೆ ನೆನಪಿದೆ. ಅವನಿಗೆ ಹೊಡೆದದ್ದೂ ನೆನಪಿದೆ.

ಓದುವುದು ಕಷ್ಟ. ದಮಯಂತಿ ಬೇಡವೆಂದರೂ ಓದುತ್ತೇನೆ. ಅವಳು ಈಗ ಪಕ್ಕದಲ್ಲಿ ಕೂತುಕೊಳ್ಳುತ್ತಾಳೆ.

ಹೊರಡುವಾಗ ಸುಹರಾ ಚಾ ಕೊಟ್ಟಳು. ತಿಂಡಿ ಕೊಡಲಿಲ್ಲ. ಎದುರಿಗೇ ಪತ್ತಿರಿ ಬೇಯುತ್ತಿತ್ತು. ಕೇಳುವ ಧೈರ್ಯವಾಗಲಿಲ್ಲ.

ನೀನು ಯಾವಾಗ ಹೋಗುತ್ತೀಯ?

ಸರ್ವೋತ್ತಮ

*

ಪುತ್ತೂರು
3 ಆಗಸ್ಟ್ 2025

ಸರ್ವೋತ್ತಮ,

ನಿನ್ನ ವಿಡಿಯೋ ನೋಡಿದೆ. ನಮ್ಮ ವರ್ತಕರ ಗ್ರೂಪಿಗೂ ಯಾರೋ ಹಾಕಿದ್ದರು. ಕೆಳಗೆ ಒಬ್ಬರು ನಗುವ ಮುಖ ಹಾಕಿ, 'ಯಾರಪ್ಪ ಈ ಹೆಂಗಸು? ಮಾಷ್ಟ್ರನ್ನೇ ಕುಣಿಸಿದಳಲ್ಲ' ಎಂದು ಕೇಳಿದ್ದರು.

ಅಂಗಡಿಯಲ್ಲಿ ಗಿರಾಕಿ ಇದ್ದರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದಕ್ಕೆ ಕಾಯುತ್ತಿದ್ದರು. ನಾನು ಅವರನ್ನು ಹಾಗೆಯೇ ಕೂರಿಸಿ, ಷಟರಿನ ಹಿಂದೆ ಹೋಗದೆ, ಅಲ್ಲೇ ಬೆಳಕಿನಲ್ಲಿ ನಿಂತು ಫೋನು ತೆಗೆದೆ. ನೂರ ಎಂಬತ್ತು ಇದ್ದವರು ಈಗ ಇನ್ನೂರ ಹತ್ತು ಜನ.

'ಆ ಹೆಂಗಸು ನನ್ನ ತಂಗಿ' ಎಂದು ಬರೆದೆ.

ನಾಲ್ಕು ಶಬ್ದ. ಎರಡು ವರ್ಷ ಬೇಕಾಯಿತು. ಇದುವರೆಗೆ ಒಬ್ಬರೂ ಉತ್ತರಿಸಿಲ್ಲ. ಎಲ್ಲರೂ ಓದಿದ್ದಾರೆ.

ಹಮೀದ್